ಸಹಿ ಇಲ್ಲದ ಕೆಲಸ, ನಿಂತುಹೋದ ಬಾಕಿ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರ ಪತ್ರಗಳಲ್ಲಿ ಈ ಸಲ ಒಂದೇ ಸಂಕಟ ಮತ್ತೆ ಮತ್ತೆ ಕಂಡಿತು. ವೆಬ್‌ಸೈಟ್, ಲೋಗೊ, ಅನುವಾದ, ಪುಟವಿನ್ಯಾಸ, ವಿಡಿಯೊ ಹೀಗೆ ಕೆಲಸ ಬೇರೆ ಬೇರೆ. ಮಾತು ಮಾತ್ರ ಹೆಚ್ಚಿನವರದ್ದು ಫೋನಿನಲ್ಲೇ ಆಗಿದೆ. ಕಾಗದ ಇಲ್ಲ, ದುಡ್ಡು ನಿಂತಿದೆ. ಏಳು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಕಡೆಯ ಒಂದು ಹೋಮ್‌ಸ್ಟೇಗೆ ವೆಬ್‌ಸೈಟ್ ಮಾಡಿಕೊಟ್ಟೆ. ಫೋನಿನಲ್ಲಿ 45 ಸಾವಿರಕ್ಕೆ ಮಾತಾಗಿತ್ತು. 10 ಸಾವಿರ ಯುಪಿಐ ಮಾಡಿದರು. ಸೈಟ್ ನಡೆಯುತ್ತಿದೆ, ಬುಕಿಂಗ್ ಬರುತ್ತಿದೆ. ಬಾಕಿ ಕೇಳಿದರೆ ಮಾಲೀಕರು ‘ಅಷ್ಟಕ್ಕೆ ನಾನು ಒಪ್ಪೇ ಇರಲಿಲ್ಲ, 20 ಸಾವಿರ ಸಾಕು. ಅಗ್ರಿಮೆಂಟ್ ಇದ್ದರೆ ತೋರಿಸಿ’ ಅನ್ನುತ್ತಾರೆ. ನನ್ನ ಕೈಯಲ್ಲಿ ಏನಾದರೂ ಉಳಿದಿದೆಯೇ? — ವೆಬ್ ಡಿಸೈನರ್, ಸಕಲೇಶಪುರ

ಉತ್ತರ: ಉಳಿದಿದೆ. ಸಹಿ ಬಿದ್ದರೆ ಮಾತ್ರ ಒಪ್ಪಂದ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ; ಕಾನೂನು ಹಾಗೆ ಹೇಳುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಇಬ್ಬರೂ ಸ್ವಂತ ಇಚ್ಛೆಯಿಂದ ಒಪ್ಪಿ, ಕಾನೂನುಬದ್ಧ ಕೆಲಸಕ್ಕೆ ಪ್ರತಿಫಲ ಗೊತ್ತುಮಾಡಿಕೊಂಡರೆ ಅದು ಕರಾರು. ಬರವಣಿಗೆಯಲ್ಲೇ ಇರಬೇಕು ಎಂದು ಬೇರೆ ಕಾನೂನು ಹೇಳಿರುವ ಕೆಲವು ವ್ಯವಹಾರಗಳಿವೆ, ವೆಬ್‌ಸೈಟ್ ಕಟ್ಟಿಕೊಡುವುದು ಅವುಗಳಲ್ಲಿಲ್ಲ. ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಆದ ಒಪ್ಪಂದವನ್ನು ಎಲೆಕ್ಟ್ರಾನಿಕ್ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಹೇಳುತ್ತದೆ.

ಹಾಗಾಗಿ ಒಪ್ಪಂದ ಇತ್ತೇ ಇಲ್ಲವೇ ಎಂಬುದರಲ್ಲಿ ನಿಮಗೆ ಹೆಚ್ಚು ಕಷ್ಟವಿಲ್ಲ. ಅವರು ಹಾಕಿದ 10 ಸಾವಿರ, ಅವರು ಕಳಿಸಿದ ಫೋಟೊಗಳು, ‘ರೂಮ್ ರೇಟ್ ಬದಲಾಯಿಸಿ’ ಎಂದು ಹಾಕಿದ ಮೆಸೇಜು, ಇನ್‌ಸ್ಟಾಗ್ರಾಂ ಪುಟದಲ್ಲಿ ಅವರೇ ಅಂಟಿಸಿಕೊಂಡ ಸೈಟಿನ ಲಿಂಕ್, ಇವೆಲ್ಲ ಕೆಲಸ ಕೊಟ್ಟಿದ್ದಕ್ಕೂ ಒಪ್ಪಿ ಬಳಸುತ್ತಿರುವುದಕ್ಕೂ ಸಾಕ್ಷಿ. ಜಗಳ ಇರುವುದು ದರದ ಮೇಲೆ. 45 ಎಂಬ ಅಂಕಿ ಎಲ್ಲಾದರೂ ಅಕ್ಷರದಲ್ಲಿ ಬಿದ್ದಿದೆಯೇ ಹುಡುಕಿ: ಕೊಟೇಷನ್, ಬಿಲ್, ‘ಬಾಕಿ 35 ಆಗುತ್ತೆ ಸರ್’ ಎಂದು ನೀವು ಹಾಕಿದ ಮೆಸೇಜಿಗೆ ಅವರು ‘ಮುಂದಿನ ವಾರ ನೋಡೋಣ’ ಅಂದದ್ದು. ಆಗ ಮೊತ್ತದ ಬಗ್ಗೆ ತಕರಾರು ಎತ್ತದೆ ಸಮಯ ಕೇಳಿದ್ದರೆ ಆ ಒಂದು ಸಾಲಿಗೆ ತುಂಬ ತೂಕವಿದೆ.

ದರ ಎಲ್ಲೂ ಸಿಗಲಿಲ್ಲ ಎಂದುಕೊಳ್ಳಿ. ಆಗಲೂ ಅದೇ ಕಾಯ್ದೆಯ 70ನೇ ಸೆಕ್ಷನ್ ಇದೆ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಅನುಭವಿಸಿದ್ದರೆ ಅದಕ್ಕೆ ಪರಿಹಾರ ಕೊಡಲೇಬೇಕು. ಅಲ್ಲಿ ಲೆಕ್ಕ ನಡೆಯುವುದು ಕೆಲಸದ ನ್ಯಾಯವಾದ ಬೆಲೆಯ ಮೇಲೆ. ಅದಕ್ಕಾಗಿ ಇದೇ ಅಳತೆಯ ಸೈಟಿಗೆ ನೀವು ಬೇರೆಯವರಿಗೆ ಹಾಕಿದ ಎರಡು ಮೂರು ಬಿಲ್, ಪುಟಗಳ ಲೆಕ್ಕ, ಕೆಲಸ ಮಾಡಿದ ದಿನಗಳ ಪಟ್ಟಿ ಜೋಡಿಸಿಡಿ.

ಇವತ್ತೇ ಮಾಡಬೇಕಾದ್ದು ಇನ್ನೊಂದಿದೆ. ‘20 ಸಾವಿರ ಸಾಕು’ ಎಂಬುದನ್ನು ಅವರು ಬಾಯಲ್ಲಿ ಹೇಳಿದ್ದಾರೆ. ಅದನ್ನು ಬರವಣಿಗೆಗೆ ತನ್ನಿ. ಸಿಟ್ಟಿಲ್ಲದ ಭಾಷೆಯಲ್ಲಿ ಇಷ್ಟು ಹಾಕಿ:

‘ನಮಸ್ಕಾರ ಸರ್. ಹೋಮ್‌ಸ್ಟೇ ವೆಬ್‌ಸೈಟ್ ಕೆಲಸ ಮುಗಿಸಿ ಕೊಟ್ಟಿದ್ದೀನಿ, ಸೈಟ್ ನಡೀತಿದೆ. ಮಾತಾಡಿದ್ದು 45,000. ಬಂದಿದ್ದು 10,000. ಬಾಕಿ 35,000. ಇದರಲ್ಲಿ ಯಾವುದನ್ನ ನೀವು ಒಪ್ಪಲ್ಲ ಅಂತ ದಯವಿಟ್ಟು ಬರೆದು ತಿಳಿಸಿ. ಬಿಲ್ ಇದರ ಜೊತೆ ಕಳಿಸಿದ್ದೀನಿ.’

ಅವರು ‘20 ಸಾವಿರಕ್ಕೆ ಮಾತಾಗಿದ್ದು’ ಎಂದು ಬರೆದರೆ ನಿಮಗೆ ನಷ್ಟವಿಲ್ಲ. ಕೆಲಸ ಕೊಟ್ಟದ್ದು ನಿಜ, ಮುಗಿದದ್ದು ನಿಜ, ಕನಿಷ್ಠ ಇನ್ನೂ 10 ಸಾವಿರ ಬಾಕಿ ಇರುವುದು ನಿಜ ಎಂದು ಅವರೇ ಬರೆದುಕೊಟ್ಟಂತೆ. ಮಿಕ್ಕ 25 ಸಾವಿರಕ್ಕೆ ಮಾತ್ರ ನೀವು ವಾದಿಸಬೇಕು.

ಬಿಲ್ ಯಾರ ಹೆಸರಿಗೆ ಎಂಬುದನ್ನು ಸರಿಯಾಗಿ ನೋಡಿ. ನಮ್ಮ ತೋಟದ ಸೀಮೆಯಲ್ಲಿ ಹೆಚ್ಚು ಎಡವಟ್ಟಾಗುವುದೇ ಇಲ್ಲಿ. ಮಾತಾಡುವುದು ಮಗ, ಸೈಟ್ ನೋಡಿ ‘ಚೆನ್ನಾಗಿದೆ’ ಅನ್ನುವುದು ತೋಟದ ಲೆಕ್ಕ ನೋಡುವ ರೈಟರ್, ದುಡ್ಡು ಬರುವುದು ತಂದೆಯ ಖಾತೆಯಿಂದ, ಬೋರ್ಡಿನ ಮೇಲಿರುವುದು ಎಸ್ಟೇಟಿನ ಹೆಸರು. ನಾಳೆ ‘ಅವನಿಗೂ ಹೋಮ್‌ಸ್ಟೇಗೂ ಸಂಬಂಧವಿಲ್ಲ’ ಎಂಬ ಮಾತು ಬರುತ್ತದೆ. ಯುಪಿಐ ರಸೀದಿಯಲ್ಲಿ ಕಾಣುವ ಹೆಸರು, ಪ್ರವಾಸೋದ್ಯಮ ಇಲಾಖೆಯ ಹೋಮ್‌ಸ್ಟೇ ನೋಂದಣಿಯಲ್ಲಿರುವ ಹೆಸರು, ಜಿಎಸ್‌ಟಿ ಸಂಖ್ಯೆ ಇದ್ದರೆ ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದಾಗ ಬರುವ ಕಾನೂನುಬದ್ಧ ಹೆಸರು, ಈ ಮೂರನ್ನೂ ತಾಳೆ ನೋಡಿ ಬಿಲ್ ಮಾಡಿ.

ಮೆಸೇಜುಗಳನ್ನು ಕಾಪಾಡುವುದು ಹೇಗೆ? ಆ ಚಾಟ್‌ನಲ್ಲಿ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್ ಇದ್ದರೆ ಮೊದಲು ಆಫ್ ಮಾಡಿ. ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಫೋಟೊ ಮತ್ತು ಧ್ವನಿ ಸಂದೇಶಗಳ ಸಮೇತ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಅವರ ಫೋನ್ ನಂಬರ್ ಮತ್ತು ತಾರೀಕು ಎರಡೂ ಕಾಣಬೇಕು. ನೀವು ಸೇವ್ ಮಾಡಿಕೊಂಡ ಹೆಸರು ಮಾತ್ರ ಕಂಡರೆ ಅದು ಯಾರದ್ದೂ ಆಗಿರಬಹುದು. ಎಲ್ಲಕ್ಕಿಂತ ಮುಖ್ಯ, ವ್ಯವಹಾರ ಮುಗಿಯುವವರೆಗೆ ಆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ, ರೀಸೆಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಪ್ರಿಂಟ್ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದು ಭಾಗ ದಾಖಲೆ ಹಾಜರುಪಡಿಸುವವರದ್ದು, ಇನ್ನೊಂದು ತಜ್ಞರದ್ದು. ಫೋನೇ ಇಲ್ಲವಾದರೆ ಇದು ಕಷ್ಟವಾಗುತ್ತದೆ.

ಮೆಸೇಜಿಗೆ ಉತ್ತರ ಬರದಿದ್ದರೆ ವಕೀಲರ ಮೂಲಕ 15 ದಿನದ ಗಡುವಿನ ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. 35 ಸಾವಿರದಂಥ ಮೊತ್ತಕ್ಕೆ ನೇರವಾಗಿ ದಾವೆ ಹೂಡುವುದಕ್ಕಿಂತ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡುವುದು ಲೇಸು ಎಂಬುದು ನಮ್ಮ ಅಭಿಪ್ರಾಯ. ದಾವೆಗೆ ಮುಂಚೆಯೇ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ, ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲ ಬರುತ್ತದೆ, ಮೇಲ್ಮನವಿ ಇಲ್ಲ. ಅರ್ಜಿದಾರರು ಮಹಿಳೆಯಾಗಿದ್ದರೆ, ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಪೊಲೀಸ್ ಠಾಣೆಗೆ ಓಡುವುದರಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಮೊದಲಿನಿಂದಲೂ ಮೋಸದ ಉದ್ದೇಶ ಇತ್ತು ಎಂದು ತೋರಿಸಲಾಗದಿದ್ದರೆ ಬಾಕಿ ಎಂಬುದು ಸಿವಿಲ್ ವಿಷಯ. ಗ್ರಾಹಕರ ಆಯೋಗವೂ ನಿಮಗಲ್ಲ, ಇಲ್ಲಿ ಗ್ರಾಹಕರು ಅವರು.

ದಾವೆಗೆ ಕಾಲಮಿತಿ ಮೂರು ವರ್ಷ. ಹಣ ಕೊಡುವ ದಿನ ಗೊತ್ತುಮಾಡಿರದಿದ್ದರೆ ಕೆಲಸ ಮುಗಿದ ದಿನದಿಂದಲೇ ಎಣಿಕೆ. ‘ಈ ಕಾಫಿ ಕುಯ್ಲು ಆಗಲಿ, ಮುಂದಿನ ಕುಯ್ಲು ಆಗಲಿ’ ಎನ್ನುತ್ತ ಮೂರು ಫಸಲು ದಾಟಿದರೆ ಹಕ್ಕೂ ದಾಟಿಹೋಗುತ್ತದೆ.

ಮುಂದಿನ ಕೆಲಸಕ್ಕೆ ಕಾಗದ ಬೇಡ, ಅಂದೇ ಸಂಜೆ ಹಾಕುವ ಒಂದು ಮೆಸೇಜು ಸಾಕು:

‘ಸರ್, ಇವತ್ತು ಫೋನಲ್ಲಿ ಮಾತಾಡಿದ್ದನ್ನ ಬರೆದಿಡ್ತಿದ್ದೀನಿ. ವೆಬ್‌ಸೈಟ್ 6 ಪುಟ, ಕನ್ನಡ ಮತ್ತು ಇಂಗ್ಲಿಷ್. ಒಟ್ಟು 45,000. ಅಡ್ವಾನ್ಸ್ 15,000, ಡಿಸೈನ್ ಒಪ್ಪಿದ ದಿನ 15,000, ಲೈವ್ ಮಾಡೋ ಮುಂಚೆ 15,000. ತಿದ್ದುಪಡಿ ಎರಡು ಸಲ, ಆಮೇಲೆ ಪುಟಕ್ಕೆ 1,000. ಫೋಟೊ, ಮ್ಯಾಟರ್ ನಿಮ್ಮ ಕಡೆಯಿಂದ. ಡೊಮೈನ್, ಹೋಸ್ಟಿಂಗ್ ಖರ್ಚು ಬೇರೆ, ನಿಮ್ಮ ಹೆಸರಲ್ಲೇ ತಗೊಳ್ಳೋದು. ಸರಿ ಇದ್ರೆ ಒಪ್ಪಿಗೆ ಅಂತ ಕಳಿಸಿ, ಅಡ್ವಾನ್ಸ್ ಬಂದ ದಿನದಿಂದ 21 ದಿನಕ್ಕೆ ಕೊಡ್ತೀನಿ.’

ಹೆಬ್ಬೆರಳೆತ್ತಿದ ಇಮೋಜಿ ಬಂದರೆ ಬಿಡಬೇಡಿ, ‘ಒಪ್ಪಿಗೆ ಅಂತ ಒಂದು ಪದ ಹಾಕಿ ಸರ್’ ಎಂದು ಕೇಳಿ. ಉತ್ತರವನ್ನೇ ಹಾಕದೆ ಅಡ್ವಾನ್ಸ್ ಮಾತ್ರ ಕಳಿಸಿದರೂ ನಡೆಯುತ್ತದೆ, ಆ ಮೆಸೇಜಿನ ಷರತ್ತಿನಂತೆಯೇ ಹಣ ಹಾಕಿದರು ಎಂದು ವಾದಿಸಬಹುದು. ಅದಕ್ಕೇ ಅಡ್ವಾನ್ಸ್ ಮೊತ್ತ ಮೆಸೇಜಿನಲ್ಲಿದ್ದಷ್ಟೇ ಬರುವಂತೆ ನೋಡಿಕೊಳ್ಳಿ. ನಿಮಗೆ ಬಂದ 10 ಸಾವಿರ ಯಾವ ಲೆಕ್ಕಕ್ಕೂ ಕೂಡದ ಅಂಕಿ, ಅದೇ ಈಗ ತೊಡಕಾಗಿರುವುದು.

ಪ್ರಶ್ನೆ: ಒಂದು ಅಂಗಡಿಗೆ ಲೋಗೊ, ಫ್ಲೆಕ್ಸ್, ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಅರ್ಧ ದುಡ್ಡು ಬಂದಿಲ್ಲ. ಹೋಸ್ಟಿಂಗ್ ಪಾಸ್‌ವರ್ಡ್ ಇನ್ನೂ ನನ್ನ ಬಳಿಯೇ ಇದೆ. ಸೈಟ್ ಇಳಿಸಿಬಿಡಲೇ? ಲೋಗೊ ನನ್ನದು ಎಂದು ನಿಲ್ಲಿಸಬಹುದೇ? — ಗ್ರಾಫಿಕ್ ಡಿಸೈನರ್, ಹಾಸನ

ಉತ್ತರ: ಸೈಟ್ ಇಳಿಸಬೇಡಿ. ಹೋಸ್ಟಿಂಗ್ ಖಾತೆ ಅಂಗಡಿಯವರ ಹೆಸರಿನಲ್ಲಿದ್ದು, ಅವರ ಅನುಮತಿ ಇಲ್ಲದೆ ಒಳಹೊಕ್ಕು ಫೈಲ್ ಅಳಿಸಿದರೆ ಅಥವಾ ಪಾಸ್‌ವರ್ಡ್ ಬದಲಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ನೀವೇ ಪರಿಹಾರ ಕಟ್ಟಬೇಕಾಗಬಹುದು. ದುರುದ್ದೇಶದಿಂದ ಮಾಡಿದ್ದು ಎಂದಾದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡಕ್ಕೂ ಅವಕಾಶವಿದೆ. ದುಡ್ಡು ಬರಬೇಕಿದ್ದವರು ಆರೋಪಿಯಾಗಿ ನಿಲ್ಲುವ ದಾರಿ ಅದು. ಪಾಸ್‌ವರ್ಡ್ ಗೊತ್ತಿರುವುದು ಬೇರೆ, ಬಳಸುವ ಅಧಿಕಾರ ಇರುವುದು ಬೇರೆ.

ಲೋಗೊ ವಿಷಯದಲ್ಲಿ ನಿಮ್ಮ ಬಳಿ ನಿಜವಾದ ಬಲವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಂಬಳಕ್ಕಿರುವ ನೌಕರರು ಮಾಡಿದ ಕೆಲಸದ ಹಕ್ಕು ಸಾಮಾನ್ಯವಾಗಿ ಧಣಿಗೆ ಸೇರುತ್ತದೆ. ಬಿಡಿ ಕೆಲಸ ಮಾಡುವವರ ವಿನ್ಯಾಸ, ಬರಹ, ಕೋಡ್‌ನ ಮೊದಲ ಹಕ್ಕುದಾರರು ಅದನ್ನು ಮಾಡಿದವರೇ. ಆ ಹಕ್ಕು ಇನ್ನೊಬ್ಬರಿಗೆ ಹೋಗಬೇಕಾದರೆ 19ನೇ ಸೆಕ್ಷನ್ ಪ್ರಕಾರ ಬರವಣಿಗೆಯಲ್ಲಿ, ನಿಮ್ಮ ಸಹಿಯೊಂದಿಗೆ ಆಗಬೇಕು. ಅಂದರೆ ಇಲ್ಲಿ ಸಹಿ ಇಲ್ಲದಿರುವುದು ನಿಮಗೇ ಅನುಕೂಲ. ಆದರೆ ಎದುರಿನವರು ‘ನಮ್ಮ ಅಂಗಡಿಗೆಂದೇ ಮಾಡಿಸಿದ್ದು, ಬಳಸಲು ಅನುಮತಿ ಇದ್ದೇ ಇತ್ತು’ ಎಂದು ವಾದಿಸಬಹುದು. ಆ ವಾದಕ್ಕೆ ಬಾಗಿಲು ಮುಚ್ಚಲು ಬಿಲ್ಲಿನ ಕೆಳಗೆ ಈ ಸಾಲು ಸದಾ ಇರಲಿ: ‘ಪೂರ್ತಿ ಹಣ ಬಂದ ಮೇಲಷ್ಟೇ ಈ ವಿನ್ಯಾಸ ಬಳಸಲು ಅನುಮತಿ.’

ಫೋಟೊ, ವಿಡಿಯೊ ತೆಗೆಯುವವರು ಇದನ್ನು ತಮಗೂ ಅನ್ವಯಿಸಿಕೊಳ್ಳಬಾರದು. ಹಣ ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಭಾವಚಿತ್ರ, ಮಾಡಿಸಿದ ಚಲನಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರಿಗೇ ಸೇರುತ್ತದೆ ಎಂದು 17ನೇ ಸೆಕ್ಷನ್ ಹೇಳುತ್ತದೆ. ಮುಳ್ಳಯ್ಯನಗಿರಿ ರಸ್ತೆಯ ರೆಸಾರ್ಟಿಗೆ ತೆಗೆದುಕೊಟ್ಟ ಡ್ರೋನ್ ಚಿತ್ರಗಳನ್ನು ನೀವು ಬೇರೆ ಕಡೆ ಮಾರಬೇಕೆಂದಿದ್ದರೆ ಮುಂಚೆಯೇ ಬರೆಸಿಕೊಳ್ಳಬೇಕು. ಒಂದೇ ಗಿರಾಕಿಯ ಒಂದೇ ಕೆಲಸದಲ್ಲಿ ಲೋಗೊ ನಿಮ್ಮದು, ಫೋಟೊ ಅವರದು ಎಂದಾಗುವುದು ವಿಚಿತ್ರವಾಗಿ ಕಂಡರೂ ಕಾಯ್ದೆ ಇರುವುದೇ ಹಾಗೆ.

ಒತ್ತಡ ಹಾಕುವ ಸರಿಯಾದ ಕ್ರಮ ಕೆಲಸದ ನಡುವೆಯೇ ಇದೆ. ನೋಡಲು ಕಳಿಸುವ ಲೋಗೊ ಸಣ್ಣ ಜೆಪೆಗ್ ಆಗಿರಲಿ, ಅಡ್ಡಲಾಗಿ ವಾಟರ್‌ಮಾರ್ಕ್ ಇರಲಿ. ಕೋರೆಲ್ ಅಥವಾ ಇಲಸ್ಟ್ರೇಟರ್ ಓಪನ್ ಫೈಲ್ (ತಿದ್ದಬಹುದಾದ ಮೂಲ ಫೈಲ್) ಕೊನೆಯ ಕಂತಿನ ನಂತರ. ಸೈಟನ್ನು ನಿಮ್ಮದೇ ಸರ್ವರಿನಲ್ಲಿ ಕಟ್ಟಿ ತೋರಿಸಿ, ಕೊನೆಯ ಕಂತು ಖಾತೆಗೆ ಬಿದ್ದ ಮೇಲೆ ಅವರ ಡೊಮೈನಿಗೆ ಸಾಗಿಸಿ. ‘ನಾಳೆ ಓಪನಿಂಗ್, ಫ್ಲೆಕ್ಸ್ ಫೈಲ್ ಕೊಟ್ಟುಬಿಡಿ’ ಎಂಬ ಅವಸರದಲ್ಲೇ ಹೆಚ್ಚಿನ ಬಾಕಿಗಳು ಹುಟ್ಟುವುದು. ಫೈಲನ್ನು ನೇರವಾಗಿ ಪ್ರಿಂಟಿಂಗ್ ಅಂಗಡಿಗೆ ಕಳಿಸುವುದಾಗಿ ಹೇಳಿ, ಅದಕ್ಕೆ ಮುಂಚೆ ಯುಪಿಐ ಮಾಡಲು ಕೇಳಿ. ಅದು ಐದು ನಿಮಿಷದ ಕೆಲಸ, ಓಪನಿಂಗ್ ನಿಲ್ಲುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಏಜೆನ್ಸಿಯೊಂದಕ್ಕೆ ಮನೆಯಿಂದಲೇ ಅನುವಾದ ಮಾಡುತ್ತೇನೆ. ಕೆಲಸ ಬರುವುದು, ಹೋಗುವುದು ಎಲ್ಲ ಇಮೇಲ್‌ನಲ್ಲಿ. ‘ನಮ್ಮ ಕ್ಲೈಂಟ್ ಕೊಟ್ಟಾಗ ನಿಮಗೆ’ ಎನ್ನುತ್ತ ಮೂರು ನಾಲ್ಕು ತಿಂಗಳು ತಳ್ಳುತ್ತಾರೆ. ಈಗ 60 ಸಾವಿರ ನಿಂತಿದೆ. — ಅನುವಾದಕಿ, ಚಿಕ್ಕಮಗಳೂರು

ಉತ್ತರ: ಸಣ್ಣ ಉದ್ದಿಮೆಗಳಿಗೆಂದು ಇರುವ ‘ಉದ್ಯಮ್’ ನೋಂದಣಿ ನೀವು ಮಾಡಿಸಿದ್ದೀರಾ? ಇಲ್ಲವಾದರೆ ಈ ವಾರವೇ ಮಾಡಿಸಿ. ಒಬ್ಬರೇ ಕೂತು ಅನುವಾದ ಮಾಡುವುದೂ ಸೇವಾ ಉದ್ಯಮವೇ. ಆಧಾರ್, ಪ್ಯಾನ್, ಬ್ಯಾಂಕ್ ವಿವರ ಸಾಕು. ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಅದೇ ಹೆಸರು ಹೋಲುವ ಖಾಸಗಿ ತಾಣಗಳು ಸಾವಿರ, ಎರಡು ಸಾವಿರ ಶುಲ್ಕ ಕೇಳುತ್ತವೆ, ವಿಳಾಸದ ಕೊನೆಯಲ್ಲಿ ಸರ್ಕಾರದ ಗುರುತು ಇದೆಯೇ ನೋಡಿಕೊಳ್ಳಿ. ಸಂದೇಹ ಬಂದರೆ ನಿಮ್ಮೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಇದರಿಂದ ಸಿಗುವುದು 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ, ಅಂದರೆ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ರಕ್ಷಣೆ. ಬರಹದ ಒಪ್ಪಂದ ಇಲ್ಲದಿದ್ದರೆ ಕೆಲಸ ಸ್ವೀಕರಿಸಿದ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದದಲ್ಲಿ ಎಷ್ಟೇ ದಿನ ಬರೆದುಕೊಂಡಿದ್ದರೂ 45 ದಿನ ಮೀರುವಂತಿಲ್ಲ. ಸಹಿಯ ಕಾಗದ ಇಲ್ಲದವರಿಗೆ ಗಡುವು ಇನ್ನೂ ಬಿಗಿ ಎಂಬುದನ್ನು ಗಮನಿಸಿ. ಮೀರಿದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಲೆಕ್ಕಕ್ಕೆಂದು ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಳ್ಳಿ: ವರ್ಷಕ್ಕೆ ಶೇ. 18, ತಿಂಗಳಿಗೆ ಒಂದೂವರೆ. 60 ಸಾವಿರಕ್ಕೆ ಆರು ತಿಂಗಳಲ್ಲಿ ಸುಮಾರು 5,600 ರೂ. ಬಡ್ಡಿ. ಹಣ ಬರದಿದ್ದರೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸೌಲಭ್ಯ ಮಂಡಳಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಮೊದಲು ಸಂಧಾನ, ಆಗದಿದ್ದರೆ ಮಧ್ಯಸ್ಥಗಾರರ ತೀರ್ಪು (ಆರ್ಬಿಟ್ರೇಷನ್). ಕೆಲಸ ಮಾಡಿದವರು ಇರುವ ಕಡೆಯ ಮಂಡಳಿಗೇ ಅಧಿಕಾರ, ಏಜೆನ್ಸಿ ಭಾರತದ ಎಲ್ಲೇ ಇರಲಿ. ತೀರ್ಪನ್ನು ಪ್ರಶ್ನಿಸಬೇಕಾದರೆ ಅವರು ಮೊದಲು ಶೇ. 75ರಷ್ಟು ಹಣ ನ್ಯಾಯಾಲಯದಲ್ಲಿ ಇಡಬೇಕು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನೋಂದಣಿ ಕೆಲಸ ಶುರುವಾಗುವ ಮುಂಚೆಯೇ ಇರಬೇಕು. ಬಾಕಿ ನಿಂತ ಮೇಲೆ ಮಾಡಿಸಿದ ನೋಂದಣಿಯನ್ನು ಹಿಂದಿನ ಬಿಲ್ಲುಗಳಿಗೆ ಎಳೆದುಕೊಂಡು ಹೋಗುವುದು ಕಷ್ಟ. ಹಾಗಾಗಿ ಈಗಿನ 60 ಸಾವಿರಕ್ಕೆ ಮೇಲೆ ಸಕಲೇಶಪುರದವರಿಗೆ ಹೇಳಿದ ದಾರಿಯೇ ದಾರಿ; ಮಹಿಳೆಯಾದ್ದರಿಂದ ನಿಮಗೆ ಉಚಿತ ಕಾನೂನು ನೆರವು ಸಿಗುತ್ತದೆ. ಮುಂದಿನ ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ಸಂಖ್ಯೆ ಹಾಕಿ. ಅದರ ಪರಿಣಾಮ ಅವರ ಲೆಕ್ಕಪತ್ರದವರ ಮೇಲೆ ಆಗುತ್ತದೆ: ಸೂಕ್ಷ್ಮ, ಸಣ್ಣ ಉದ್ದಿಮೆಗೆ ಗಡುವಿನೊಳಗೆ ಕೊಡದ ಹಣವನ್ನು, ನಿಜವಾಗಿ ಕೊಡುವವರೆಗೆ, ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮ 2023–24ರ ಲೆಕ್ಕವರ್ಷದಿಂದ ಇದೆ. ಮಾರ್ಚ್ ಹತ್ತಿರವಾದಂತೆ ಅವರಿಗೇ ಅದು ನೆನಪಾಗುತ್ತದೆ.

‘ನಮ್ಮ ಕ್ಲೈಂಟ್ ಕೊಟ್ಟಾಗ’ ಎಂಬುದು ನೀವು ಒಪ್ಪಿದ ಷರತ್ತಲ್ಲದಿದ್ದರೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ನಿಮ್ಮ ಪ್ಯಾನ್ ಹಾಕಿ ಆದಾಯ ತೆರಿಗೆ ಜಾಲತಾಣದಲ್ಲಿ ಟಿಡಿಎಸ್ (ಹಣ ಕೊಡುವವರೇ ಮುರಿದು ಕಟ್ಟುವ ತೆರಿಗೆ) ವಿವರ ನೋಡಿ. ಹಣ ಕೊಡದೆಯೂ ಲೆಕ್ಕದಲ್ಲಿ ನಿಮ್ಮ ಶುಲ್ಕ ಜಮೆ ತೋರಿಸಿ ಟಿಡಿಎಸ್ ಕಟ್ಟಿರುವುದುಂಟು. ಅಲ್ಲಿ ಆ ಮೊತ್ತ ಕಂಡರೆ, ಬಾಕಿ ಇದೆ ಎಂದು ಅವರೇ ಸರ್ಕಾರಕ್ಕೆ ಬರೆದುಕೊಟ್ಟ ಹಾಗೆ.

ಪ್ರಶ್ನೆ: ಊರಿನ ಜಾತ್ರೆಯ ಆಹ್ವಾನ ಪತ್ರಿಕೆ ಮಾಡಿಕೊಟ್ಟೆ, 2,000 ಪ್ರತಿ. ಅಚ್ಚಾದ ಮೇಲೆ ಇಬ್ಬರ ಹೆಸರು ತಪ್ಪಿದೆ ಎಂದು ಸಮಿತಿಯವರು ಅಚ್ಚಿನ ಖರ್ಚೂ ನನ್ನ ತಲೆಗೇ ಕಟ್ಟುತ್ತಿದ್ದಾರೆ. ಪ್ರೂಫ್ ನೋಡಿ ಫೋನಿನಲ್ಲಿ ‘ಹಾಕಿಸಿ’ ಎಂದವರು ಅವರೇ. — ಡಿಟಿಪಿ ಕೆಲಸದವರು, ಬೇಲೂರು

ಉತ್ತರ: ತಪ್ಪು ಯಾವ ಹಂತದಲ್ಲಿ ಹುಟ್ಟಿತು ಎಂದು ಮೊದಲು ಪತ್ತೆ ಮಾಡಿ. ಅವರು ಕೊಟ್ಟ ಮ್ಯಾಟರ್, ನೀವು ಕಳಿಸಿದ ಪ್ರೂಫ್, ಅಚ್ಚಾದ ಪ್ರತಿ ಮೂರನ್ನೂ ಪಕ್ಕಪಕ್ಕ ಇಡಿ. ಮ್ಯಾಟರ್‌ನಲ್ಲೇ ತಪ್ಪಿದ್ದರೆ ಹೊಣೆ ಅವರದು. ಮ್ಯಾಟರ್ ಸರಿಯಿದ್ದು ಪ್ರೂಫ್‌ನಲ್ಲಿ ತಪ್ಪಿದ್ದರೆ ನಿಮ್ಮ ಪಾಲು ಇದೆ, ಆದರೂ ನೋಡಿ ಒಪ್ಪಿದ ಮೇಲೆ ಪೂರ್ತಿ ಖರ್ಚು ನಿಮ್ಮದೇ ಎನ್ನುವುದು ನ್ಯಾಯವಲ್ಲ. ಪ್ರೂಫ್ ಸರಿಯಿದ್ದು ಅಚ್ಚಿನಲ್ಲಿ ಕೆಟ್ಟಿದ್ದರೆ ಅದು ನಿಮಗೂ ಪ್ರೆಸ್ಸಿಗೂ ನಡುವಿನದು, ಸಮಿತಿಗೆ ಉತ್ತರಿಸಬೇಕಾದವರು ನೀವೇ.

ಕನ್ನಡದಲ್ಲಿ ಮೂರನೆಯದು ಸಾಮಾನ್ಯ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬಂದ ಮ್ಯಾಟರನ್ನು ಯುನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುತ್ತವೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರವೇ ಬದಲಾಗುತ್ತದೆ. ಪ್ರೆಸ್ಸಿಗೆ ಕಳಿಸುವ ಫೈಲಿನಲ್ಲಿ ಅಕ್ಷರಗಳನ್ನೆಲ್ಲ ಕರ್ವ್ ಮಾಡಿಯೇ (ಫಾಂಟ್ ಬೇಡದ ಚಿತ್ರರೂಪಕ್ಕೆ ಬದಲಿಸಿಯೇ) ಕಳಿಸಿ. ಪ್ರೂಫ್ ಕೂಡ ಆ ಕರ್ವ್ ಮಾಡಿದ ಫೈಲಿನಿಂದಲೇ ತೆಗೆದ ಪಿಡಿಎಫ್ ಆಗಿರಲಿ. ಅದರ ಜೊತೆಗೆ ‘ಹೆಸರು, ತಾರೀಕು, ಫೋನ್ ನಂಬರ್ ನೀವೇ ಓದಿ ನೋಡಿ. ಪ್ರಿಂಟ್ ಓಕೆ ಅಂತ ಬರೆದು ಕಳಿಸಿದ ಮೇಲೆ ಬರೋ ತಪ್ಪಿಗೆ ಮರುಮುದ್ರಣ ಖರ್ಚು ನಿಮ್ಮದು’ ಎಂದು ಹಾಕಿ. ಫೋನಿನ ‘ಹಾಕಿಸಿ’ಗೆ ಅಚ್ಚಿಗೆ ಕೊಡಬೇಡಿ, ಎಷ್ಟೇ ಹೊತ್ತಾಗಿರಲಿ. ಈಗಿನ ಪ್ರಕರಣದಲ್ಲಿ ನಮ್ಮ ಸಲಹೆ: ತಪ್ಪಾದ ಎರಡು ಹೆಸರಿಗೆ ಅಂಟು ಚೀಟಿ ಅಚ್ಚು ಹಾಕಿಸಿಕೊಟ್ಟು ವಿನ್ಯಾಸದ ಹಣ ಪೂರ್ತಿ ಕೇಳಿ. ಊರಿನ ಸಮಿತಿಯ ಜೊತೆ ಮತ್ತೆ ಕೆಲಸ ಮಾಡುವವರು ನೀವು.

ಪ್ರಶ್ನೆ: ತೋಟದ ಕಾಫಿ ಬ್ರ್ಯಾಂಡಿಗೆ ಪ್ಯಾಕೆಟ್ ವಿನ್ಯಾಸ ಮಾಡಿದ್ದಕ್ಕೆ ಸಾಹುಕಾರರು 40 ಸಾವಿರಕ್ಕೆ ಮಾರ್ಚ್ ತಾರೀಕಿನ ಚೆಕ್ ಕೊಟ್ಟಿದ್ದಾರೆ. ‘ಕಾಫಿ ಮಾರಿದ ಮೇಲೆ ಹಾಕಿ’ ಎಂದಿದ್ದಾರೆ. ನಂಬಬಹುದೇ? — ಮೂಡಿಗೆರೆ

ಉತ್ತರ: ಚೆಕ್ ಸಿಕ್ಕಿದ್ದು ಒಳ್ಳೆಯದೇ, ಸಹಿಯ ಕಾಗದ ಇಲ್ಲದ ವ್ಯವಹಾರದಲ್ಲಿ ಅವರ ಸಹಿ ಇರುವ ಕಾಗದ ಅದೊಂದೇ. ತಾರೀಕುಗಳನ್ನು ಮಾತ್ರ ತಪ್ಪಿಸಬೇಡಿ. ಚೆಕ್ ಮೇಲಿನ ತಾರೀಕಿನಿಂದ ಮೂರು ತಿಂಗಳೊಳಗೆ ನಿಮ್ಮ ಖಾತೆಗೆ ಹಾಕಬೇಕು. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ಬರಹದ ನೋಟಿಸ್. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ದೂರು. ದೂರು ಹಾಕುವುದು ನಿಮ್ಮ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿ. ನೋಟಿಸಿನಲ್ಲಿ ಚೆಕ್ಕಿನ ಮೊತ್ತವನ್ನು ಸ್ಪಷ್ಟವಾಗಿ ಕೇಳಿರಬೇಕು, ಬಡ್ಡಿ, ಹಳೆ ಬಾಕಿ ಎಲ್ಲ ಕಲಸಿ ಒಂದೇ ಮೊತ್ತ ಮಾಡಿದರೆ ಕೇಸೇ ಬಿದ್ದುಹೋಗಬಹುದು.

ನಡುವೆ ಅವರು 15 ಸಾವಿರ ನಗದು ಕೊಟ್ಟರೆ? ಆ 40ರ ಚೆಕ್ಕನ್ನು ಹಾಗೇ ಹಾಕಬೇಡಿ, ಆ ದಿನಕ್ಕೆ ಬಾಕಿ ಇರುವುದು 25 ಮಾತ್ರ. ಹಳೆಯದನ್ನು ಹಿಂದಿರುಗಿಸಿ 25ಕ್ಕೆ ಹೊಸ ಚೆಕ್ ಪಡೆಯಿರಿ. ಅರೇಬಿಕಾ ಕುಯ್ಲು ಜನವರಿ ಹೊತ್ತಿಗೆ, ರೊಬಸ್ಟಾ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಒಣಗಿಸಿ ಮಾರಿ ಹಣ ಕೈಗೆ ಬರುವುದು ಇನ್ನೂ ತಡ. ಆ ಲೆಕ್ಕ ನೋಡಿದರೆ ಸಾಹುಕಾರರ ಮಾತು ಕುಂಟುನೆಪವೇ ಆಗಿರಬೇಕಿಲ್ಲ. ಕಾಯಬಹುದು, ಚೆಕ್ಕಿನ ಅವಧಿ ದಾಟುವಷ್ಟು ಕಾಯಬಾರದು.

ಪ್ರಶ್ನೆ: 35 ಸಾವಿರ ಬರಬೇಕಿತ್ತು. 15 ಸಾವಿರ ಹಾಕಿ ‘ಫುಲ್ ಅಂಡ್ ಫೈನಲ್’ ಎಂದು ಮೆಸೇಜು ಕಳಿಸಿದ್ದಾರೆ. ಹಣ ಇಟ್ಟುಕೊಂಡರೆ ಮಿಕ್ಕಿದ್ದು ಬಿಟ್ಟಂತೆಯೇ? — ವಿಡಿಯೊ ಎಡಿಟರ್, ಅರಸೀಕೆರೆ

ಉತ್ತರ: ಸುಮ್ಮನಿದ್ದರೆ ಹಾಗಾಗುವ ಅಪಾಯವಿದೆ. ಕಡಿಮೆ ಮೊತ್ತವನ್ನು ಪೂರ್ತಿ ಲೆಕ್ಕಕ್ಕೆಂದು ಒಪ್ಪಿಕೊಂಡರೆ ಮಿಕ್ಕಿದ್ದು ತೀರಿತು ಎಂದು ಕರಾರು ಕಾಯ್ದೆಯ 63ನೇ ಸೆಕ್ಷನ್ ಹೇಳುತ್ತದೆ. ಇವತ್ತೇ ಬರೆಯಿರಿ: ‘15,000 ಬಾಕಿಯ ಒಂದು ಭಾಗವಾಗಿ ಬಂದಿದೆ. ಪೂರ್ತಿ ಲೆಕ್ಕ ಅಂತ ನಾನು ಒಪ್ಪಿಲ್ಲ. ಇನ್ನು 20,000 ಬರಬೇಕು.’ ‘ಥ್ಯಾಂಕ್ಸ್ ಸರ್’ ಎಂದು ಮಾತ್ರ ಬರೆಯಬೇಡಿ.

ಪ್ರಶ್ನೆ: ಅರ್ಧ ಕೆಲಸ ಆದ ಮೇಲೆ ಒಂಬತ್ತು ಪುಟದ ಇಂಗ್ಲಿಷ್ ಒಪ್ಪಂದ ಕಳಿಸಿ ‘ಸಹಿ ಹಾಕಿದರೆ ಹಣ’ ಎನ್ನುತ್ತಿದ್ದಾರೆ. ಏನು ನೋಡಬೇಕು? ಸ್ಟಾಂಪ್ ಪೇಪರ್ ಬೇಕೇ? — ಕಡೂರು

ಉತ್ತರ: ಐದು ಜಾಗ ನೋಡಿ. ಹಣ ಯಾವಾಗ: ‘ಅವರ ಕ್ಲೈಂಟ್ ಕೊಟ್ಟ ಮೇಲೆ’ ಎಂದಿದ್ದರೆ ಹೊಡೆದುಹಾಕಿ, ‘ಬಿಲ್ ಕೊಟ್ಟ 30 ದಿನದಲ್ಲಿ’ ಎಂದು ಬರೆಸಿ. ಹಕ್ಕು ಯಾವಾಗ ವರ್ಗವಾಗುತ್ತದೆ: ‘ಕೆಲಸ ಸೃಷ್ಟಿಯಾದ ಕ್ಷಣದಿಂದ’ ಎಂದಿರುವುದನ್ನು ‘ಪೂರ್ತಿ ಹಣ ಬಂದ ಮೇಲೆ’ ಎಂದು ಬದಲಿಸಿ. ನಷ್ಟಭರ್ತಿ: ಮಿತಿಯೇ ಇಲ್ಲದೆ ನಿಮ್ಮ ಮೇಲೆ ಹೊರಿಸಿದ್ದರೆ, ನೀವು ಪಡೆದ ಶುಲ್ಕದಷ್ಟಕ್ಕೆ ಮಿತಿ ಹಾಕಿಸಿ. ನ್ಯಾಯಾಲಯ: ದೆಹಲಿಯೋ ಮುಂಬೈಯೋ ಎಂದು ಬರೆದಿದ್ದರೆ ಈ ಹಣಕ್ಕಾಗಿ ನೀವು ಅಲ್ಲಿಗೆ ಹೋಗಲಾರಿರಿ, ಅದನ್ನು ಮೊದಲು ಬದಲಿಸಿ. ‘ಕೆಲಸ ಬಿಟ್ಟ ಮೇಲೆ ಎರಡು ವರ್ಷ ಬೇರೆಯವರಿಗೆ ಮಾಡುವಂತಿಲ್ಲ’ ಎಂಬ ಷರತ್ತು ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಆದರೂ ತೆಗೆಸುವುದು ಒಳ್ಳೆಯದು.

ಆರನೆಯದನ್ನು ನೀವೇ ಸೇರಿಸಬೇಕು: ಈಗಾಗಲೇ ಮಾಡಿರುವ ಕೆಲಸ, ಅದರ ಹಣ, ಅದು ಯಾವ ದರಕ್ಕೆ ಎಂಬ ಒಂದು ಸಾಲು. ಹೊಸ ಒಪ್ಪಂದದಲ್ಲಿ ‘ಹಿಂದಿನ ಮಾತುಕತೆಗಳೆಲ್ಲ ರದ್ದು’ ಎಂಬ ವಾಕ್ಯ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಇರುತ್ತದೆ; ಅದಕ್ಕೆ ಸಹಿ ಹಾಕಿದರೆ ನಿಮ್ಮ ಹಳೆಯ ವಾಟ್ಸಾಪ್ ಒಪ್ಪಿಗೆಗಳ ಬಲ ಹೋಗುತ್ತದೆ.

ಸ್ಟಾಂಪ್ ಇಲ್ಲ ಎಂದು ಒಪ್ಪಂದ ಹುಸಿಯಾಗುವುದಿಲ್ಲ. ಆದರೆ ನ್ಯಾಯಾಲಯ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಕಾದರೆ ಕೊರತೆ ಸುಂಕ ಮತ್ತು ದಂಡ ಕಟ್ಟಬೇಕಾಗುತ್ತದೆ. ಸಹಿ ಹಾಕುವ ದಿನವೇ ಇ-ಸ್ಟಾಂಪ್ ಕಾಗದದ ಮೇಲೆ ಮಾಡಿಸಿ, ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಕೈಗೆ ಬಂದ ಮೇಲಷ್ಟೇ ಮುಂದಿನ ಫೈಲ್ ಕಳಿಸಿ.